ಆರೆಗನ್, ವಾಷಿಂಗ್ಟನ್ ರಸ್ತೆಯಲ್ಲಿ ಸತ್ತ ಜಿಂಕೆ, ಎಲ್ಕ್ ಮಾಂಸ: ಪರವಾನಗಿ ಸೇವೆ ಹೇಗಿದೆ?

ಅಮೆರಿಕದ ಆರೆಗನ್ ರಾಜ್ಯದಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯನ್ನೋ, ಜಿಂಕೆ ಕುಲದ ದೊಡ್ಡ ಪ್ರಾಣಿಯಾದ ಎಲ್ಕನ್ನೋ ಮನೆಗೆ ಒಯ್ದು ತಿನ್ನುವುದು 2019ರ ಜನವರಿ 1ರಿಂದ ಕಾನೂನುಬದ್ಧ. 2017ರಲ್ಲಿ ಅಂಗೀಕಾರವಾದ 372ನೆಯ ಸೆನೆಟ್ ಮಸೂದೆ ಇದಕ್ಕೆ ದಾರಿ ಮಾಡಿತು. ನೆರೆಯ ವಾಷಿಂಗ್ಟನ್ ರಾಜ್ಯ 2016ರ ಜುಲೈ 1ರಿಂದಲೇ ಇಂಥ ಸೇವೆ ನಡೆಸುತ್ತಿದೆ. ಎರಡೂ ಕಡೆ ಪರವಾನಗಿ ಉಚಿತ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಪ್ರಾಣಿಯನ್ನು ಎತ್ತಿಕೊಂಡ 24 ಗಂಟೆಯೊಳಗೆ ಅರ್ಜಿ ತುಂಬಿದರಾಯಿತು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅರ್ಜಿಯ ಸರಳತೆಯಲ್ಲಿ ಎರಡೂ ಸಮ. ಮೇಲ್ನೋಟಕ್ಕೆ ವಾಷಿಂಗ್ಟನ್ ಸೇವೆಯೇ ಸಲೀಸು, ಏಕೆಂದರೆ ರಾಜ್ಯದ ಹೆಚ್ಚಿನ ಕಡೆ ಅರ್ಜಿ ತುಂಬಿದ ಮೇಲೆ ಮತ್ತೆ ಯಾವ ಕಚೇರಿಗೂ ಹೋಗಬೇಕಿಲ್ಲ. ಆದರೂ ನಮ್ಮ ಮೆಚ್ಚುಗೆ ಆರೆಗನ್ನಿಗೆ. ಅಲ್ಲಿ ಪ್ರಾಣಿಯ ತಲೆ ಮತ್ತು ಕೊಂಬನ್ನು ಐದು ಕೆಲಸದ ದಿನಗಳೊಳಗೆ ಮೀನು ಮತ್ತು ವನ್ಯಜೀವಿ ಇಲಾಖೆಯ ಕಚೇರಿಗೆ ತಂದೊಪ್ಪಿಸಬೇಕು. ಸೇವೆ ಬಳಸುವವರು ಹೆಚ್ಚು ಗೊಣಗುವುದು ಈ ನಿಯಮಕ್ಕೇ. ಆದರೆ ತಿನ್ನುವವನ ದೃಷ್ಟಿಯಿಂದ ಇಡೀ ವ್ಯವಸ್ಥೆಯಲ್ಲಿ ಅತಿ ಬೆಲೆಯುಳ್ಳ ಭಾಗವೂ ಅದೇ. ಕಾರಣಕ್ಕೆ ಆಮೇಲೆ ಬರೋಣ.

ಅರ್ಜಿಯಲ್ಲಿ ಕಷ್ಟವೇನೂ ಇಲ್ಲ. ಹೆಸರು, ಸಂಪರ್ಕ, ಎಲ್ಲಿ ಯಾವಾಗ ಎತ್ತಿದ್ದು, ಯಾವ ಜಾತಿ, ಗಂಡೋ ಹೆಣ್ಣೋ, ಗುದ್ದಿದ ವಾಹನ ಓಡಿಸುತ್ತಿದ್ದವರು ನೀವೇನಾ ಎಂಬಷ್ಟೇ ಪ್ರಶ್ನೆಗಳು. ಎಡವುವುದು ಸ್ಥಳದ ವಿಷಯದಲ್ಲಿ. ‘97ನೆಯ ಹೆದ್ದಾರಿ, ಬೆಂಡ್ ಊರಿನ ದಕ್ಷಿಣಕ್ಕೆ’ ಎಂದು ಬರೆದರೆ ಅದು ಸ್ಥಳವಾಗುವುದಿಲ್ಲ. ರಸ್ತೆ ಬದಿಯ ಮೈಲಿಗಲ್ಲಿನ ಸಂಖ್ಯೆ, ಯಾವ ದಿಕ್ಕಿಗೆ ಹೋಗುವ ಪಥ, ಗಂಟೆ, ಇಷ್ಟನ್ನು ಪ್ರಾಣಿಯನ್ನು ಮುಟ್ಟುವ ಮುಂಚೆಯೇ ಫೋಟೊ ತೆಗೆದಿಟ್ಟುಕೊಳ್ಳಿ. ಕಾಡಿನ ರಸ್ತೆಗಳಲ್ಲಿ ಫೋನಿನ ಸಿಗ್ನಲ್ ಸಿಗದು. 24 ಗಂಟೆಯ ಕಾಲಾವಕಾಶ ಇರುವುದರಿಂದ ಅದು ಅಡ್ಡಿಯಾಗುವುದಿಲ್ಲ. ಮೊದಲು ಎತ್ತು, ಆಮೇಲೆ ಅರ್ಜಿ ತುಂಬು ಎಂಬ ಈ ಕ್ರಮ ಮಾಂಸದ ಸ್ವಭಾವ ಬಲ್ಲವರು ಮಾಡಿದ್ದು. ಬೆಚ್ಚಗಿನ ದಿನ ಅನುಮತಿಗಾಗಿ ಎರಡು ಗಂಟೆ ಕಾಯುವುದೆಂದರೆ ಒಂದು ತೊಡೆಯನ್ನು ಕಳೆದುಕೊಂಡಂತೆ.

ವಯೋಮಿಂಗ್ ಇದಕ್ಕೆ ವಿರುದ್ಧ. ಅಲ್ಲಿ 2022ರಿಂದ ರಸ್ತೆ ಮಾಹಿತಿಯ 511 ಆ್ಯಪ್ ಮೂಲಕ ಮೊದಲು ಅನುಮತಿ ಪಡೆದು ನಂತರ ಎತ್ತಬೇಕು. ಕತ್ತಲಲ್ಲಿ ಎತ್ತುವಂತಿಲ್ಲ, ಅಂತರರಾಜ್ಯ ಹೆದ್ದಾರಿಯಲ್ಲಿ ಎತ್ತುವಂತಿಲ್ಲ. ಮಾಂಸಕ್ಕಿಂತ ರಸ್ತೆ ಬದಿ ಬಗ್ಗಿ ನಿಂತವನ ಜೀವಕ್ಕೆ ಅದು ಹೆಚ್ಚು ಬೆಲೆ ಕೊಡುತ್ತದೆ, ಅದನ್ನು ತಪ್ಪು ಅನ್ನಲಾಗದು. ಐಡಹೊ 2012ರಿಂದಲೇ ಅವಕಾಶ ಕೊಟ್ಟಿದೆ: 24 ಗಂಟೆಯೊಳಗೆ ವರದಿ, 72 ಗಂಟೆಯೊಳಗೆ ಪರವಾನಗಿ. ಮೊಂಟಾನಾ 2013ರಲ್ಲಿ ಕಾನೂನು ಮಾಡಿ ದೈತ್ಯ ಜಿಂಕೆಯಾದ ಮೂಸ್ ಮತ್ತು ಹುಲ್ಲೆಯಂಥ ಪ್ರಾಂಗ್‌ಹಾರ್ನ್‌ಗಳನ್ನೂ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಮಸೂದೆಗೆ ಸಹಿ ಬಿದ್ದರೂ ಪರವಾನಗಿ ಯೋಜನೆ ಜಾರಿಗೆ ಬರಲಿಲ್ಲ. ಹಾಗಾಗಿ ಆರೆಗನ್ನಿನ ದಕ್ಷಿಣ ಗಡಿ ದಾಟಿದ ಮೇಲೆ ಸಿಕ್ಕ ಪ್ರಾಣಿಗೆ ಕೈ ಹಚ್ಚಬೇಡಿ.

ಜನ ಸಿಕ್ಕಿಬೀಳುವ ನಿಯಮಗಳು ಮೂರು. ಒಂದನೆಯದು, ಪ್ರಾಣಿಯನ್ನು ಇಡಿಯಾಗಿ ಒಯ್ಯಬೇಕು, ಕರುಳು ಹೊಟ್ಟೆಚೀಲ ಸಹಿತ. ಬೆನ್ನಿನ ಪಟ್ಟೆಯನ್ನಷ್ಟೇ ಸೀಳಿ ಉಳಿದದ್ದನ್ನು ಚರಂಡಿಗೆ ತಳ್ಳಿ ಹೋಗುವಂತಿಲ್ಲ. ಇದು ಬರೀ ಶುಚಿಯ ಮಾತಲ್ಲ. ರಸ್ತೆ ಪಕ್ಕ ಬಿದ್ದ ಕರುಳಿಗೆ ಹದ್ದು, ಕಾಗೆ, ನರಿಯಂಥ ಕಯೋಟಿಗಳು ಬಂದು ಅವೂ ಮುಂದಿನ ಗಾಡಿಗೆ ಬಲಿಯಾಗುತ್ತವೆ. ಎರಡನೆಯದು, ಗಾಯಗೊಂಡು ಇನ್ನೂ ಉಸಿರಾಡುತ್ತಿರುವ ಪ್ರಾಣಿ. ವಾಷಿಂಗ್ಟನ್‌ನಲ್ಲಿ ಅದನ್ನು ಸಾರ್ವಜನಿಕರು ಕೊಲ್ಲುವಂತಿಲ್ಲ, ಅಧಿಕಾರಿಗಳಿಗೆ ಕರೆ ಮಾಡಿ ಕಾಯಬೇಕು. ಆರೆಗನ್‌ನಲ್ಲಿ ನರಳಾಟ ತಪ್ಪಿಸಲು ಕೊಂದರೆ ತಕ್ಷಣ ಪೊಲೀಸರಿಗೆ ತಿಳಿಸಬೇಕು, ಮತ್ತು ಹಾಗೆ ಕೊಂದ ಪ್ರಾಣಿ ಗುದ್ದಿದ ಚಾಲಕನಿಗಷ್ಟೇ ಸಲ್ಲುತ್ತದೆ, ಹಿಂದೆ ಬಂದವರಿಗಲ್ಲ. ಬೇಕೆಂದೇ ಗುದ್ದುವುದಂತೂ ಅಪರಾಧವೇ. ಮೂರನೆಯದು ಬಿಳಿಬಾಲದ ಜಿಂಕೆ, ಅದಕ್ಕೆ ಸ್ವಲ್ಪ ವಿವರಣೆ ಬೇಕು.

ಕೊಲಂಬಿಯಾ ನದಿಯ ಕೆಳದಂಡೆಯಲ್ಲಿ ಕೊಲಂಬಿಯನ್ ಬಿಳಿಬಾಲದ ಜಿಂಕೆ ಎಂಬ ಉಪಜಾತಿ ಇದೆ. ಒಕ್ಕೂಟ ಸರ್ಕಾರದ ರಕ್ಷಿತ ಪಟ್ಟಿಯಲ್ಲಿ 2016ರಲ್ಲಿ ಅದರ ಸ್ಥಾನ ‘ಅಳಿವಿನಂಚು’ ಎಂಬುದರಿಂದ ‘ಅಪಾಯದಲ್ಲಿದೆ’ ಎಂಬುದಕ್ಕೆ ಇಳಿದಿತ್ತು, ರಕ್ಷಣೆ ಮಾತ್ರ ಹೋಗಲಿಲ್ಲ. ಅದನ್ನು ಕಾಪಾಡಲೆಂದು ವಾಷಿಂಗ್ಟನ್‌ನ ಕ್ಲಾರ್ಕ್, ಕೌಲಿಟ್ಸ್, ವಾಕಾಯಕಮ್ ಕೌಂಟಿಗಳಲ್ಲಿ (ಜಿಲ್ಲೆಗಳಲ್ಲಿ) ಯಾವ ಜಿಂಕೆಯನ್ನೂ ಎತ್ತುವಂತಿಲ್ಲ, ಎಲ್ಕನ್ನು ಎತ್ತಬಹುದು. ಆರೆಗನ್‌ನಲ್ಲಿ ಬಿಳಿಬಾಲದ ಜಿಂಕೆಗೆ ಪೂರ್ವ ಭಾಗದ ಗೊತ್ತಾದ ಕೌಂಟಿಗಳಲ್ಲಿ ಮಾತ್ರ ಪರವಾನಗಿ. ಕತ್ತಲಲ್ಲಿ ಗುರುತಿಸುವಾಗ ಕೊಂಬನ್ನಷ್ಟೇ ನಂಬಬೇಡಿ, ಹೆಣ್ಣಿಗೆ ಕೊಂಬಿಲ್ಲ. ಹಿಂಗಾಲಿನ ಕೆಳಭಾಗದ ಹೊರಮೈಯಲ್ಲಿರುವ ಗ್ರಂಥಿಯ ಕೂದಲ ಸುಳಿ ನೋಡಿ. ಬಿಳಿಬಾಲದಲ್ಲಿ ಅದು ಎರಡೂವರೆ ಸೆಂಟಿಮೀಟರಿಗಿಂತ ಚಿಕ್ಕದು, ಮ್ಯೂಲ್ ಡೀರ್ ಎಂಬ ಜಿಂಕೆಯಲ್ಲಿ ಬೆರಳುದ್ದಕ್ಕಿಂತ ಹೆಚ್ಚು, ಕರಿಬಾಲದ ಜಿಂಕೆಯಲ್ಲಿ ಇವೆರಡರ ನಡುವೆ. ಗಂಡಾದರೆ, ಒಂದೇ ಮುಖ್ಯ ಕೊಂಬಿನಿಂದ ಮೇಲೆದ್ದ ಕವಲುಗಳು ಬಿಳಿಬಾಲದ್ದು. ಕವಲು ಮತ್ತೆ ಇಬ್ಭಾಗವಾಗುತ್ತ ಹೋದರೆ ಮ್ಯೂಲ್ ಡೀರ್ ಅಥವಾ ಕರಿಬಾಲ. ಅನುಮಾನ ಉಳಿದರೆ ಬಿಟ್ಟುಬಿಡಿ. ಅರ್ಜಿಯ ಪುಟ ಈ ಗುರುತುಗಳನ್ನು ಚಿತ್ರ ಸಮೇತ ಕಣ್ಣೆದುರಿಗೇ ಇಡಬೇಕಿತ್ತು. ತಪ್ಪಿದರೆ ಹೊಣೆ ಎತ್ತಿದವನದೇ ತಾನೆ.

ಪರವಾನಗಿ ಪ್ರಾಣಿಯನ್ನು ಇಟ್ಟುಕೊಳ್ಳುವ ಹಕ್ಕು ಕೊಡುತ್ತದೆ, ಮಾಂಸ ತಿನ್ನಲು ಯೋಗ್ಯವೆಂದು ಹೇಳುವುದಿಲ್ಲ. ಹೊಸಬರು ತಪ್ಪಾಗಿ ತಿಳಿಯುವುದು ಇಲ್ಲೇ. ಯಾವ ಅಧಿಕಾರಿಯೂ ಬಂದು ಪರೀಕ್ಷಿಸುವುದಿಲ್ಲ, ತಿಂದು ಕಾಯಿಲೆ ಬಿದ್ದರೆ ರಾಜ್ಯ ಹೊಣೆಯಲ್ಲ. ಆದ್ದರಿಂದ ರಸ್ತೆ ಬದಿಯ ಹತ್ತು ನಿಮಿಷದ ತಪಾಸಣೆಯೇ ಈ ಇಡೀ ಕೆಲಸದ ಜೀವಾಳ. ಗಾಡಿಗೆ ಹೇರಿದ ಮೇಲೆ ಬೇಡವೆನಿಸಿದರೆ ಅಷ್ಟೂ ಭಾರದ ವಿಲೇವಾರಿ ನಿಮ್ಮ ತಲೆಗೇ.

ಎಷ್ಟು ಹೊತ್ತಾಯಿತು ಎಂಬುದನ್ನು ಒಂದೇ ಗುರುತಿನಿಂದ ಹೇಳಲಾಗದು, ನಾಲ್ಕೈದು ಗುರುತು ಒಂದೇ ಮಾತು ಹೇಳಬೇಕು. ಕಣ್ಣು ತಿಳಿಯಾಗಿ ಉಬ್ಬಿದ್ದರೆ ಸತ್ತು ಹೆಚ್ಚು ಹೊತ್ತಾಗಿಲ್ಲ. ಗಾಳಿಗೆ ಒಣಗಿ ತೆಳು ಪೊರೆ ಕಟ್ಟಿದ್ದರೆ ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ಮಂಜು ಕವಿದು ಗುಳಿ ಬಿದ್ದಿದ್ದರೆ ಬಿಡಿ. ಸೆಟೆತ ಕುತ್ತಿಗೆ ದವಡೆಯಲ್ಲಿ ಮೊದಲಾಗಿ ಕಾಲಿಗಿಳಿಯುತ್ತದೆ. ಮೈ ಬೆಚ್ಚಗಿದ್ದು ಕಾಲು ಸಡಿಲವಾಗಿ ಮಡಚಿದರೆ ಈಗಷ್ಟೇ ಸತ್ತದ್ದು. ತಣ್ಣಗೆ ಸೆಟೆದಿದ್ದರೆ ಕೆಲವು ಗಂಟೆ ಕಳೆದಿದೆ. ತಣ್ಣಗಾಗಿಯೂ ಮತ್ತೆ ಸಡಿಲಗೊಂಡಿದ್ದರೆ ಒಂದು ದಿನ ದಾಟಿರುವ ಸಂಭವ ಹೆಚ್ಚು. ತೊಡೆಸಂದಿಯ ಕೂದಲನ್ನು ಬೆರಳಲ್ಲಿ ಹಿಡಿದು ಎಳೆಯಿರಿ. ಗೊಂಚಲಾಗಿ ಕಿತ್ತು ಬಂದರೆ, ಅಥವಾ ಅಲ್ಲಿನ ಚರ್ಮ ಹಸಿರು ತಿರುಗಿದ್ದರೆ, ಮುಂದೆ ನೋಡುವ ಅಗತ್ಯವೇ ಇಲ್ಲ. ಚರ್ಮವನ್ನು ಚಿವುಟಿ ಎತ್ತಿದಾಗ ಮಾಂಸದ ಮೇಲೆ ಸರಾಗ ಜಾರಬೇಕು.

ಹೊಟ್ಟೆ ಉಬ್ಬಿದ್ದನ್ನು ನೋಡಿ ಹೆದರಿ ಬಿಡುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಚೀಲದಲ್ಲಿ ಹುದುಗುವಿಕೆ ಸತ್ತ ಮೇಲೂ ನಡೆಯುತ್ತಲೇ ಇರುತ್ತದೆ, ಹೊರಹೋಗಲು ದಾರಿಯಿಲ್ಲದ ಗಾಳಿ ತುಂಬಿ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತಮಟೆಯಂತಾಗುತ್ತದೆ. ಉಬ್ಬು ಒಂದೇ ಆದರೆ ಮಾಂಸ ಕೆಟ್ಟಿದೆ ಎಂದಲ್ಲ. ಆದರೆ ಆ ಬಿಸಿ ಒಲೆಗೆ ಒತ್ತಿಕೊಂಡೇ ಒಳಬೆನ್ನಿನ ಎಳೆ ಮಾಂಸ ಇರುತ್ತದೆ, ಮೊದಲು ಹಾಳಾಗುವುದು ಅದೇ. ನೊಣದ ಮೊಟ್ಟೆಯ ಬಿಳಿ ಗುಚ್ಛಗಳು ಮೂಗಿನಲ್ಲಿ, ಗಾಯದ ಬಾಯಲ್ಲಿ ಕಂಡರೆ ಆ ಭಾಗ ಕತ್ತರಿಸಿ ಮುಂದುವರಿಯಬಹುದು. ಹುಳ ಹರಿದಾಡುತ್ತಿದ್ದರೆ ಬೇಡ.

ಹೊರಗಿನ ತಾಪಮಾನ ಇಷ್ಟೂ ಗುರುತುಗಳಿಗೆ ಅಳತೆಗೋಲು. ನಾವು ಇಟ್ಟುಕೊಳ್ಳುವ ಮಿತಿ ಹೀಗೆ: 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ರಾತ್ರಿ ಬಿದ್ದ ಜಿಂಕೆಯನ್ನು ಬೆಳಗ್ಗೆ ಪರಿಶೀಲಿಸಲಡ್ಡಿಯಿಲ್ಲ. 10ರಿಂದ 15 ಡಿಗ್ರಿಯಲ್ಲಿ ಮೂರು ಗಂಟೆ. 20 ದಾಟಿದರೆ, ಗುದ್ದಿದ ಹೊತ್ತು ಖಚಿತವಾಗಿ ಗೊತ್ತಿದ್ದು ಒಂದು ಗಂಟೆಯೊಳಗೆ ಹೊಟ್ಟೆ ಬಿಡಿಸಲು ಸಾಧ್ಯವಾದರೆ ಮಾತ್ರ. ಎಲ್ಕ್ ಆದರೆ ಈ ಅವಧಿಗಳನ್ನು ಅರ್ಧ ಮಾಡಿ. ಪೂರ್ತಿ ಬೆಳೆದ ಹೆಣ್ಣು ಎಲ್ಕ್ ಸುಮಾರು 225 ಕಿಲೊ, ಗಂಡು 300 ದಾಟುತ್ತದೆ, ಕರಾವಳಿಯ ರೂಸ್‌ವೆಲ್ಟ್ ಎಲ್ಕ್ ಇನ್ನೂ ದೊಡ್ಡದು. ದಪ್ಪ ಚರ್ಮದೊಳಗೆ 38-39 ಡಿಗ್ರಿಯ ಆ ಮಾಂಸರಾಶಿ ಚಳಿಯಲ್ಲೂ ತಣಿಯುವುದಿಲ್ಲ. ಮೇಲೆ ಮಂಜು ಕಟ್ಟಿದ್ದರೂ ತೊಡೆಮೂಳೆಯ ಗಂಟಿನ ಸುತ್ತ ಒಳಗೊಳಗೇ ಹುಳಿಯುತ್ತಿರುತ್ತದೆ. ಮೂಳೆ ಹುಳಿ ಎಂದು ಕರೆಯುವ ಈ ಕೆಡುಕು ಹೊರಗೆ ಕಾಣದು, ಕೊಯ್ದಾಗ ನಾತದಲ್ಲೇ ಗೊತ್ತಾಗುವುದು. ಉದ್ದ ಕಡ್ಡಿಯ ಅಡುಗೆ ಥರ್ಮಾಮೀಟರ್ ಗಾಡಿಯಲ್ಲಿದ್ದರೆ ತೊಡೆಯ ಆಳಕ್ಕೆ ಚುಚ್ಚಿ ನೋಡಿ. ಸತ್ತ ಹೊತ್ತು ಗೊತ್ತಿಲ್ಲದ ಎಲ್ಕ್‌ಗೆ ಅಷ್ಟು ನೆರವಾಗುವ ಉಪಕರಣ ಬೇರೊಂದಿಲ್ಲ. ಮುಂಜಾವಿನ ಹಿಮದಲ್ಲೂ ಆಳದಲ್ಲಿ 30 ಡಿಗ್ರಿ ಮೇಲಿದ್ದರೆ, ಒಂದೋ ಈಗಷ್ಟೇ ಸತ್ತಿದೆ, ಇಲ್ಲವೇ ರಾತ್ರಿಯಿಡೀ ಬಿಸಿ ಹಿಡಿದುಕೊಂಡೇ ಇದೆ. ಕಣ್ಣು ಮತ್ತು ಸೆಟೆತ ಇವೆರಡರಲ್ಲಿ ಯಾವುದು ಎಂದು ಹೇಳುತ್ತವೆ.

ಇನ್ನು ಏಟು ಎಲ್ಲಿ ಬಿತ್ತು ಎಂಬುದು. ತಲೆಗೋ ಕುತ್ತಿಗೆಗೋ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಭುಜಕ್ಕೆ ಬಿದ್ದಿದ್ದರೆ ಮುಂಗಾಲೆರಡನ್ನೂ ಕಳೆದುಕೊಂಡರೂ ಬೆನ್ನು, ತೊಡೆ ಉಳಿಯುತ್ತವೆ. ಹಿಂಭಾಗಕ್ಕೆ ಬಿದ್ದರೆ ಹೆಚ್ಚು ಮಾಂಸವಿರುವ ಜಾಗವೇ ಹೋಯಿತು. ನಡುವಿಗೆ ಬಿದ್ದದ್ದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಹೊಟ್ಟೆಚೀಲ ಒಡೆದು ಒಳಗೆಲ್ಲ ಹರಡಿರುತ್ತದೆ. ಹೊರಗಿನಿಂದ ಇದನ್ನು ಪತ್ತೆ ಮಾಡಲು ಬಾಯಿ ಮೂಗು ಗುದದಲ್ಲಿ ಹಸಿರು ದ್ರವ ಇದೆಯೇ ನೋಡಿ, ಮೈಯನ್ನು ಅಲುಗಿಸಿದಾಗ ಕೊಡದ ನೀರಿನ ಹಾಗೆ ತುಳುಕುವ ಸದ್ದು ಬರುತ್ತದೆಯೇ ಕೇಳಿ. ಪಕ್ಕೆಲುಬು ಪುಡಿಯಾಗಿದ್ದರೆ ವಪೆ ಹರಿದು ಹೊಟ್ಟೆಯ ಹೂರಣ ಎದೆಗೂಡಿಗೂ ನುಗ್ಗಿರಬಹುದು. ಎರಡನೆಯ ಗಾಡಿ ಮೇಲೆ ಹರಿದ ಪ್ರಾಣಿಯನ್ನು ಬಿಡಿ. ಕಿವಿಯಲ್ಲಿ ಗುರುತಿನ ಚೀಟಿಯೋ ಕುತ್ತಿಗೆಯಲ್ಲಿ ಪಟ್ಟಿಯೋ ಇದ್ದರೆ ಇಲಾಖೆಗೆ ಕರೆ ಮಾಡಿ ಕೇಳದೆ ತಿನ್ನಬೇಡಿ, ಅರಿವಳಿಕೆ ಮದ್ದು ಕೊಟ್ಟಿರುವ ಸಾಧ್ಯತೆ ಇರುತ್ತದೆ. ಚುಚ್ಚುಮದ್ದು ಕೊಟ್ಟು ಕೊಂದ ಪ್ರಾಣಿಯಂತೂ ತಿನ್ನಲು ಬಾರದು.

ಈ ಸೇವೆಯ ನಿಜವಾದ ಖರ್ಚು ಹೇರುವುದರಲ್ಲಿದೆ. ಜಿಂಕೆಯನ್ನು ಇಬ್ಬರು ಸೇರಿ ಪ್ಲಾಸ್ಟಿಕ್ ಜಾರುಹಲಗೆಯ ಮೇಲೆ ಎಳೆದು ಹತ್ತಿಸಬಹುದು. ಕೆಳಗೆ ದಪ್ಪ ತಾಡಪಾಲು, ಕೈಗೆ ನೈಟ್ರೈಲ್ ಗವಸು, ಮೈಮೇಲೆ ಹೊಳೆಯುವ ಜಾಕೆಟ್. ಗಾಡಿ ರಸ್ತೆಯಿಂದ ಪೂರ್ತಿ ಹೊರಗೆ, ದೀಪ ಮಿನುಗುತ್ತಿರಲಿ. ಸಾಧ್ಯವಿಲ್ಲದ ತಿರುವಿನಲ್ಲಿ ನಿಲ್ಲಿಸಲೇಬೇಡಿ. ಮೈ ತಣಿಯುತ್ತಿದ್ದಂತೆ ಉಣ್ಣಿಗಳು ಇಳಿದು ಬೆಚ್ಚಗಿನ ಮೈ ಹುಡುಕುತ್ತವೆ, ಹಾಗಾಗಿ ಪ್ರಾಣಿಯನ್ನು ಕಾರಿನ ಒಳಗಲ್ಲ, ಪಿಕಪ್ ಗಾಡಿಯ ಹಿಂದಿನ ತೆರೆದ ತೊಟ್ಟಿಯಲ್ಲೇ ಒಯ್ಯಿರಿ. ಎಲ್ಕ್‌ಗೆ ಟ್ರೇಲರ್ ಮತ್ತು ಭಾರ ಎಳೆಯುವ ವಿಂಚ್ ಬೇಕು. ಅವಿಲ್ಲದಿದ್ದರೆ ರಸ್ತೆಯಿಂದ ದೂರ ಎಳೆದು ಅಲ್ಲೇ ಬಿಡಿಸಿ ತುಂಡು ಮಾಡಬೇಕಾಗುತ್ತದೆ. ಹೊಟ್ಟೆ ಸೀಳದೆ ಕಾಲು, ಬೆನ್ನುಪಟ್ಟೆ ಬಿಡಿಸುವ ಬೇಟೆಗಾರರ ಪದ್ಧತಿ ಕಾಡಿನಲ್ಲಿ ಚೆಂದ, ಆದರೆ ಇಲ್ಲಿ ಉಳಿದ ಗೂಡನ್ನೂ ಒಯ್ಯಲೇಬೇಕಾದ್ದರಿಂದ ಅದರಿಂದ ಉಳಿತಾಯ ಕಡಿಮೆ. ಎಲ್ಕಿನ ಹೊಟ್ಟೆ ಕರುಳಿಗೇ ಮುಚ್ಚಳವಿರುವ ಎರಡು ಪೀಪಾಯಿ ಇರಲಿ. ಚೀಲದಲ್ಲಿ ತುಂಬಿದರೆ ಹರಿದುಹೋಗುತ್ತದೆ. ಇಷ್ಟೂ ಸಿದ್ಧತೆ ಇಲ್ಲದವರು ಎಲ್ಕ್ ಕಂಡರೆ ಮುಂದೆ ಸಾಗುವುದೇ ಮೇಲು.

ಬಿಡಿಸುವಾಗ ಮಾಮೂಲಿ ಬೇಟೆಯ ಅಭ್ಯಾಸ ಕೈ ಕೊಡುತ್ತದೆ. ಒಳಗೆ ಏನು ಒಡೆದಿದೆ ಎಂದು ಗೊತ್ತಿಲ್ಲದ್ದರಿಂದ ಪ್ರಾಣಿಯನ್ನು ಏಟು ಬಿದ್ದ ಪಕ್ಕ ಕೆಳಗಾಗುವಂತೆ ಮಲಗಿಸಿ. ಚೂರಿಯ ಅಲಗು ಮೇಲ್ಮುಖವಾಗಿ, ಎರಡು ಬೆರಳಿನ ನಡುವೆ ಹಿಡಿದು ತೊಗಲನ್ನಷ್ಟೇ ಸೀಳಿ. ಅನ್ನನಾಳಕ್ಕೂ ಗುದನಾಳಕ್ಕೂ ಕತ್ತರಿಸುವ ಮುನ್ನ ದಾರ ಬಿಗಿಯಿರಿ. ಮೂತ್ರಕೋಶ ಚಿವುಟಿ ಹಿಡಿದೇ ತೆಗೆಯಿರಿ. ಕತ್ತು ಕೊಯ್ದು ರಕ್ತ ಬಸಿಯುವ ಪ್ರಯತ್ನ ವ್ಯರ್ಥ, ಹೃದಯ ನಿಂತ ಮೇಲೆ ರಕ್ತ ಹರಿಯದು. ಹೊಟ್ಟೆಯ ಹೂರಣ ತಾಗಿದ ಮಾಂಸವನ್ನು ನೀರಿನಿಂದ ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಉಳಿದ ಕಡೆಗೂ ಹರಡುತ್ತವೆ. ತಾಗಿದ ಮೇಲ್ಪದರವನ್ನು ಕೊಯ್ದೆಸೆಯಬೇಕು, ಪ್ರತಿ ಸಲ ಚೂರಿ ಒರೆಸಬೇಕು. ಒಳಬೆನ್ನಿನ ಪಟ್ಟೆಗೆ ಹಸಿರು ತಾಗಿ ಗಂಟೆ ಕಳೆದಿದ್ದರೆ ಅದನ್ನು ಮರೆತುಬಿಡಿ.

ರಕ್ತ ಹೆಪ್ಪುಗಟ್ಟಿದ ಮಾಂಸವೇ ಇಲ್ಲಿನ ದೊಡ್ಡ ನಷ್ಟ. ಗುಂಡೇಟಿನ ಗಾಯ ಒಂದು ಕಡೆ ಇರುತ್ತದೆ. ಬಂಪರಿನ ಏಟಿಗೆ ರಕ್ತ ಸ್ನಾಯುಗಳ ಪದರ ಪದರದ ನಡುವೆ ಹರಿದು ನೇರಳೆ ಹಣ್ಣಿನ ಜಾಮಿನಂತೆ ಕಟ್ಟಿಕೊಂಡಿರುತ್ತದೆ, ಏಟು ಬಿದ್ದ ಜಾಗದಿಂದ ಎರಡು ಗೇಣು ಆಚೆಗೂ. ಅಡ್ಡಡ್ಡ ಕತ್ತರಿಸಿದರೆ ಎಲ್ಲ ಕಡೆ ಸವರಿದಂತಾಗುತ್ತದೆ. ಬದಲಿಗೆ ಸ್ನಾಯುಗಳನ್ನು ಅವುಗಳ ನಡುವಿನ ಬಿಳಿ ಪೊರೆಯಲ್ಲೇ ಬೆರಳಿನಿಂದ ಬಿಡಿಸುತ್ತ ಹೋಗಿ. ಹೊರಗೆ ಕಪ್ಪಾಗಿ ಕಂಡ ತೊಡೆಯೊಳಗಿಂದ ಚೊಕ್ಕ ಸ್ನಾಯು ಇಡಿಯಾಗಿ ಸಿಗುವುದುಂಟು. ಸ್ನಾಯುವೇ ಕಪ್ಪಾಗಿ ಮೆತ್ತಗಾಗಿದ್ದರೆ ಅದರಾಚೆ ಎರಡು ಸೆಂಟಿಮೀಟರು ಸೇರಿಸಿ ಎಸೆಯಿರಿ. ರುಚಿ ಕೆಟ್ಟಿರುತ್ತದೆ ಎಂಬುದು ಒಂದು, ರಕ್ತ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ ಎಂಬುದು ಇನ್ನೊಂದು. ಅದನ್ನು ‘ಕೈಮಾಗಾಗುತ್ತದೆ’ ಎಂದು ಬೀಸುವ ಯಂತ್ರಕ್ಕೆ ಹಾಕುವುದು ಕೆಟ್ಟ ಉಳಿತಾಯ. ಏಟು ಬಿದ್ದ ಪಕ್ಕದ ಯಾವ ಮಾಂಸವನ್ನೂ ಬೀಸದಿರುವುದು ಕ್ಷೇಮ, ಮೂಳೆಚೂರು, ಹೆಡ್‌ಲೈಟಿನ ಪ್ಲಾಸ್ಟಿಕ್, ಜಲ್ಲಿಕಲ್ಲಿನ ಹರಳು ಅದರೊಳಗೆ ಹುದುಗಿರುತ್ತವೆ. ದೊಡ್ಡ ತುಂಡಾಗಿಟ್ಟು ಬೇಯಿಸಿದರೆ ತಿನ್ನುವಾಗಲಾದರೂ ಕೈಗೆ ಸಿಕ್ಕೀತು.

ಕೊನೆಗೆ ಕೈಗೆ ಬರುವುದೆಷ್ಟು? ಚೊಕ್ಕ ಜಿಂಕೆಯಲ್ಲಿ ಮೂಳೆ ತೆಗೆದ ಮಾಂಸ ಜೀವಂತ ತೂಕದ ಮೂರನೆಯ ಒಂದು ಪಾಲಿನ ಆಸುಪಾಸು. ರಸ್ತೆಯ ಜಿಂಕೆಯಲ್ಲಿ ಅದರ ಅರ್ಧ ಸಿಕ್ಕರೂ ತೃಪ್ತಿಪಡಬೇಕು.

ಈಗ ತಲೆಯ ವಿಷಯ. ಜಿಂಕೆ ಕುಲಕ್ಕೆ ತಗಲುವ, ಮೈ ಬಡಕಲಾಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (ಸಿಡಬ್ಲ್ಯೂಡಿ) ಎಂಬ, ಪ್ರಿಯಾನ್ ಎನ್ನುವ ಕೆಟ್ಟ ಪ್ರೋಟೀನಿನಿಂದ ಬರುವ ರೋಗವನ್ನು 1967ರಲ್ಲಿ ಕೊಲೊರಾಡೊದಲ್ಲಿ ಸಾಕಿದ ಮ್ಯೂಲ್ ಡೀರ್‌ಗಳಲ್ಲಿ ಮೊದಲು ಕಂಡರು. ಐಡಹೊದಲ್ಲಿ 2021ರಲ್ಲಿ, ವಾಷಿಂಗ್ಟನ್‌ನ ಸ್ಪೊಕೇನ್ ಹತ್ತಿರ 2024ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ತಗಲಿದ ಖಚಿತ ಪ್ರಕರಣ ಇಲ್ಲ. ಆದರೂ ಸೋಂಕು ದೃಢಪಟ್ಟ ಪ್ರಾಣಿಯ ಮಾಂಸ ತಿನ್ನಬಾರದೆಂದೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ಸಲಹೆ. ಬೇಯಿಸಿದರೆ ಪ್ರಿಯಾನ್ ನಾಶವಾಗುವುದಿಲ್ಲ. ಸೋಂಕಿದ ಪ್ರಾಣಿ ಬಹುಕಾಲ ನೋಡಲು ಆರೋಗ್ಯವಾಗಿಯೇ ಇರುತ್ತದೆ. ರೋಗ ಮುಂದುವರಿದಾಗ ಮಂಕು ಬಡಿದು ಎಚ್ಚರ ತಪ್ಪುತ್ತದೆ. ಅಂಥದ್ದು ರಸ್ತೆಗೆ ಇಳಿದರೆ ಗಾಡಿಗೆ ಸಿಗದೆ ಇರುತ್ತದೆಯೇ? ಅದಕ್ಕೇ ರಸ್ತೆಯಲ್ಲಿ ಸತ್ತ ಪ್ರಾಣಿಯ ತಲೆ ರೋಗದ ಮೇಲೆ ಕಣ್ಣಿಡುವವರಿಗೆ ಅಷ್ಟು ಬೇಕಾದದ್ದು. ಆರೆಗನ್ ಇದನ್ನು ಶುರುವಿನಿಂದಲೇ ನಿಯಮ ಮಾಡಿತು. ವಾಷಿಂಗ್ಟನ್ ರೋಗ ಮನೆಬಾಗಿಲಿಗೆ ಬಂದ ಮೇಲೆ ಸ್ಪೊಕೇನ್ ಸುತ್ತಲಿನ 124, 127, 130ನೆಯ ಬೇಟೆ ನಿರ್ವಹಣಾ ಘಟಕಗಳಲ್ಲಿ ಎತ್ತಿದ ಪ್ರಾಣಿಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಈ ಪಟ್ಟಿ ಬದಲಾಗಬಹುದು, ಎತ್ತುವ ದಿನ ನೋಡಿಕೊಳ್ಳಿ.

ಕಚೇರಿಗೆ ತಲೆ ಒಯ್ಯುವವರು ಮಾಡುವ ದೊಡ್ಡ ತಪ್ಪು ಕಿವಿಯ ಹಿಂದೆಯೇ ಕತ್ತರಿಸುವುದು. ಪರೀಕ್ಷೆಗೆ ಬೇಕಾದ ದುಗ್ಧಗ್ರಂಥಿಗಳು ಗಂಟಲಿನ ಹಿಂಬದಿಯಲ್ಲಿ, ಧ್ವನಿಪೆಟ್ಟಿಗೆಯ ಮೇಲುಗಡೆ ಕೂತಿರುತ್ತವೆ. ಬಿಗಿಯಾಗಿ ಕತ್ತರಿಸಿದರೆ ಅವು ಕುತ್ತಿಗೆಯ ಕಡೆ ಉಳಿದು, ಇಲಾಖೆಗೆ ಹೋದ ತಲೆ ಬುರುಡೆ ಮಾತ್ರವಾಗುತ್ತದೆ. ದವಡೆಯ ತುದಿಯಿಂದ ಒಂದು ಅಂಗೈ ಅಗಲ ಕೆಳಗೆ, ಶ್ವಾಸನಾಳದ ತುಂಡೂ ಜೊತೆಗೆ ಬರುವಂತೆ ಕತ್ತರಿಸಿ. ಗರಗಸ ಬೇಡ, ಅದು ಬೆನ್ನುಹುರಿಯನ್ನು ಪುಡಿ ಮಾಡಿ ಮಾಂಸಕ್ಕೆ ಎರಚುತ್ತದೆ. ಕತ್ತಿನ ಮೂಳೆಗಳ ಕೀಲು ಹುಡುಕಿ ಚೂರಿಯಿಂದಲೇ ಬಿಡಿಸಿ, ಆ ಚೂರಿಯನ್ನು ಮಾಂಸಕ್ಕೆ ಬಳಸಬೇಡಿ. ತಲೆಯನ್ನು ಎರಡು ಪದರದ ಚೀಲದಲ್ಲಿ ತಣ್ಣಗಿಡಿ, ಕೊಳೆತ ಗ್ರಂಥಿ ಪರೀಕ್ಷೆಗೆ ಬಾರದು. ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ, ದುಗ್ಧಗ್ರಂಥಿಗಳನ್ನು ಯಾವ ಪ್ರಾಣಿಯದ್ದೂ ತಿನ್ನಬೇಡಿ.

ಹಾಗೆಂದು ಆರೆಗನ್ ಏರ್ಪಾಡಿನಲ್ಲಿ ಕುಂದಿಲ್ಲವೆಂದಲ್ಲ. ಕಚೇರಿಗಳು ವಾರಾಂತ್ಯ ಮುಚ್ಚಿರುತ್ತವೆ, ಮೊದಲೇ ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. ಪೂರ್ವ ಆರೆಗನ್ನಿನ ದೂರದ ಊರುಗಳಿಂದ ಅದೊಂದು ಇಡೀ ದಿನದ ಪ್ರಯಾಣ. ಸರಿಯಾಗಿ ತಣ್ಣಗಿಟ್ಟ ಪೆಟ್ಟಿಗೆಯಲ್ಲಿ ಯಾವ ಹೊತ್ತಿನಲ್ಲಾದರೂ ಒಪ್ಪಿಸುವ ವ್ಯವಸ್ಥೆ ಇದ್ದರೆ ಗೊಣಗಾಟದ ಅರ್ಧ ಭಾಗ ನಿಲ್ಲುತ್ತಿತ್ತು. ಕೊಂಬನ್ನೂ ಕೊಡಬೇಕೆಂಬುದು ಕೆಲವರಿಗೆ ನೋವು, ಆದರೆ ಕೊಂಬಿನಾಸೆಗೆ ಯಾರೂ ಗಾಡಿ ತಿರುಗಿಸದಿರಲಿ ಎಂಬ ಉದ್ದೇಶಕ್ಕೆ ನಮ್ಮ ಒಪ್ಪಿಗೆಯಿದೆ. ಇನ್ನೊಂದು ಎಚ್ಚರ: ಬೇರೆ ರಾಜ್ಯದಲ್ಲಿ ಎತ್ತಿದ ಪ್ರಾಣಿಯ ತಲೆ, ಬೆನ್ನುಮೂಳೆಗಳನ್ನು ಆರೆಗನ್ನಿಗೆ ತರುವುದು ನಿಷಿದ್ಧ. ಮೂಳೆ ಬಿಡಿಸಿದ ಮಾಂಸ ತರಬಹುದು.

ಮಾಂಸವನ್ನು ಚರ್ಮ ಸುಲಿದು ಬಿಡಿಬಿಡಿಯಾಗಿ 4 ಡಿಗ್ರಿಗೆ ಇಳಿಸಿ. ಐಸ್ ಪೆಟ್ಟಿಗೆಯಾದರೆ ನೀರಿನ ಬಿರಡೆ ತೆರೆದಿಡಿ, ನೀರಲ್ಲಿ ನೆನೆದರೆ ಮಾಂಸ ಬಿಳುಚಿ ಬೇಗ ಕೆಡುತ್ತದೆ. ಸೆಟೆತ ಇಳಿಯುವ ಮುನ್ನ ಫ್ರೀಜರಿಗೆ ತಳ್ಳಿದರೆ ರಬ್ಬರಾಗುತ್ತದೆ, ಒಂದು ದಿನವಾದರೂ ಕಾಯಿರಿ. ಬೇಟೆಯ ಮಾಂಸದಂತೆ ವಾರಗಟ್ಟಲೆ ತೂಗುಹಾಕಿ ಹದ ಮಾಡುವ ಯೋಚನೆ ಬೇಡ, ಏಟು ತಿಂದ ಮಾಂಸ ಅಷ್ಟು ತಡೆಯದು. ಬೇಯಿಸುವಾಗ ಒಳಗಿನ ತಾಪ 71 ಡಿಗ್ರಿ ಮುಟ್ಟಬೇಕು. ಅರೆಬೆಂದ ಕೆಂಪು ತುಂಡು ಇಷ್ಟಪಡುವವರು ಆ ಆಸೆಯನ್ನು ಬೇರೆ ಮಾಂಸಕ್ಕೆ ಇಟ್ಟುಕೊಳ್ಳಲಿ.

ಮಾರುವುದು ಅಪರಾಧ. ನೆರೆಯವರಿಗೆ ಕೊಡಬಹುದು, ಆರೆಗನ್‌ನಲ್ಲಿ ಕೊಡುವಾಗ ಬರಹದಲ್ಲಿ ದಾಖಲೆ ಇರಬೇಕು. ಕೊಯ್ದು ಕಟ್ಟಿಕೊಡುವ ಅಂಗಡಿಗೆ ಒಯ್ಯುವುದಾದರೆ ರಸ್ತೆಯ ಪ್ರಾಣಿ ಎಂದು ಮೊದಲೇ ಹೇಳಿ, ಎಲ್ಲರೂ ಒಪ್ಪುವುದಿಲ್ಲ. ಬೇರೆ ಪ್ರಾಣಿಯ ಮಾಂಸದೊಂದಿಗೆ ಬೆರೆಸಬಾರದೆಂದು ಖಡಾಖಂಡಿತ ಹೇಳಿ. ಪ್ರತಿ ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆ, ದಿನಾಂಕ, ಯಾವ ಭಾಗ ಎಂದು ಬರೆಯಿರಿ. ಪರೀಕ್ಷೆಯ ಫಲಿತಾಂಶ ಗೊತ್ತಾಗುವವರೆಗೆ ಆ ಪೊಟ್ಟಣಗಳಿಗೆ ಫ್ರೀಜರಿನಲ್ಲಿ ಬೇರೆ ಅರೆ ಇರಲಿ. ವಾಷಿಂಗ್ಟನ್‌ನಲ್ಲಿ ಪರವಾನಗಿಯ ಮುದ್ರಿತ ಪ್ರತಿಯನ್ನು ಕೊನೆಯ ಪೊಟ್ಟಣ ತಿಂದು ಮುಗಿಯುವವರೆಗೂ ಇಟ್ಟುಕೊಂಡಿರಬೇಕು. ಫ್ರೀಜರಿನ ಬಾಗಿಲಿಗೇ ಅಂಟಿಸಿಬಿಡಿ.